ಅತ್ತಿಗೆಯ ಬಾಯಲ್ಲಿ ‘ಕರಿಯ’

ಅರುಳ್, ನಿತ್ಯಾ, ನಿಮ್ಮ ತಾತನ ಅಕ್ಕನಿಗೆ ಬಣ್ಣವೇ ಕಾಣುವುದಿಲ್ಲ ಎಂದು ನಮ್ಮೂರಿನ ಅರ್ಧ ಜನ ನಂಬಿದ್ದರು! ನಂಬದೆ ಏನು ಮಾಡಿಯಾರು? ಬೆಣ್ಣೆಯ ಹಾಗೆ ಬೆಳ್ಳಗಿದ್ದ ಹಸುವನ್ನು ಆಕೆ “ಕರಿಯೀ, ಬಾರೇ” ಎಂದು ಕೂಗುತ್ತಿದ್ದರು. ಹಾಲಿನ ಡೇರಿಯ ಕಾರ್ಯದರ್ಶಿ ಕೆಂಪಗಿದ್ದ ಹುಡುಗ. “ಏನ್ಲಾ ಕರಿಯ, ಉಂಡ್ಯಾ?” ಎಂದು ದಿನಾ ಕೇಳಿಸಿಕೊಂಡು, ರಾಬರ್ಟ್‌ಸನ್‌ಪೇಟೆಗೆ ಹೋಗಿ ಮುಖಕ್ಕೆ ಹಚ್ಚುವ ಕ್ರೀಮು ತಂದನಂತೆ. ಪಾಪ, ಅವನು ಹಚ್ಚಿದಷ್ಟೂ ಆಕೆ ಇನ್ನಷ್ಟು ಪ್ರೀತಿಯಿಂದ ಕರಿಯ ಎಂದರು! ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದು ಪಕ್ಕದ ಬೀದಿಯವರೊಬ್ಬರು ಸಲಹೆ ಕೊಟ್ಟರು. ಯಾರ ಕ್ಯಾನಿಗೆ ಎಷ್ಟು ನೀರು ಬಿದ್ದಿದೆ ಎಂದು ಜಗುಲಿಯಿಂದಲೇ ಹೇಳುವ ಕಣ್ಣಿಗೆ ಡಾಕ್ಟರು ಯಾಕೆ? ನೀರು ಬಿದ್ದಿದ್ದು ಸಲಹೆ ಕೊಟ್ಟವರ ಹಾಲಿಗೇ!

ಗಂಡನ ಅಕ್ಕನಾದ್ದರಿಂದ ನಾನು ಆಕೆಯನ್ನು ಅತ್ತಿಗೆ ಎನ್ನುತ್ತಿದ್ದೆ. ಅವರ ಲೆಕ್ಕವೇ ಬೇರೆ. ಚಂದವಾಗಿರುವುದನ್ನು ಚಂದ ಎಂದರೆ ದೃಷ್ಟಿ ತಗುಲುತ್ತದೆ, ಅದಕ್ಕೆ ಹೊಗಳಲೇಬಾರದು. ನನ್ನ ಸಾರು ರುಚಿಯಾದ ದಿನ, “ಏನಮ್ಮೀ ಇದು, ನಾಯಿ ಮೂಸಕಿಲ್ಲ” ಎಂದು ಇನ್ನೊಂದು ಸೌಟು ಬಡಿಸಿಕೊಳ್ಳುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಒಲೆಯ ಮುಂದೆ ಕೂತು ಅತ್ತದ್ದುಂಟು. ಆಮೇಲೆ, ಆಕೆ ಸುಮ್ಮನೆ ಉಂಡೆದ್ದ ದಿನವೇ ಸಾರು ಕೆಟ್ಟಿದೆ ಎಂದು ಅರ್ಥಮಾಡಿಕೊಂಡೆ. ಇನ್ನು ಆಕೆಗೆ ಯಾರ ಮೇಲಾದರೂ ಪ್ರಾಣ ಹೋಗುವಷ್ಟು ಪ್ರೀತಿ ಬಂದರೆ ಅವರಿಗೆ ಸಿಗುತ್ತಿದ್ದ ಬಿರುದೇ ‘ಕರಿಯ’!

ನಿಮ್ಮಪ್ಪನಿಗೆ ಆ ಬಿರುದು ನೋಡಿದ ಕ್ಷಣದಲ್ಲೇ ಸಿಕ್ಕಿತು.

ನಿಮ್ಮಮ್ಮ ಬಂಗಾರಪೇಟೆಯಲ್ಲಿ, ನಿಮ್ಮಪ್ಪ ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ ಕೆಲಸಕ್ಕೆ ಹೋಗುವ ಒಂದೇ ರೈಲು ಹತ್ತುತ್ತಿದ್ದರು. ಮುಂದಿನದು ನಿಮಗೇ ಗೊತ್ತು. ಅವರದು ತಮಿಳು ಮನೆ, ನಮ್ಮದು ಹೊಲ, ಹಸು, ಕನ್ನಡ. ಎರಡೂ ಕಡೆಯವರು ಕಷ್ಟಪಟ್ಟು ಒಪ್ಪುವ ಹೊತ್ತಿಗೆ ನಿಮ್ಮಮ್ಮ ಸೊರಗಿ ಅರ್ಧವಾಗಿದ್ದಳು. ಕೊನೆಗೆ ಹೆಣ್ಣು ನೋಡಲು ಬಂದರು. ಜೊತೆಗೆ ನಿಮ್ಮಪ್ಪನ ತಾತ, ಅಂದರೆ ನಿಮ್ಮ ಮುತ್ತಾತನೂ ಬಂದರು. ಹುಡುಗನಾಗಿದ್ದಾಗಲೇ ಚಿನ್ನದ ಗಣಿಗೆ ಇಳಿದವರು. ಆ ಮನೆಯಲ್ಲಿ ಅವರ ಮಾತೇ ಕೊನೆ.

ನಿಮ್ಮಪ್ಪ ಎಣ್ಣೆಯಲ್ಲಿ ತಿಕ್ಕಿದ ಕಲ್ಲಿನ ಹಾಗೆ ಮಿರಮಿರ ಮಿಂಚುತ್ತ ಒಳಗೆ ಬಂದರು. ಅತ್ತಿಗೆಗೆ ತಡೆಯಲಾಗಲಿಲ್ಲ. “ಅಯ್ಯೋ ನನ್ ಕರಿಯಾ! ಬಂದ್ಯೇನ್ಲಾ!” ಎಂದು ಎರಡೂ ಕೈಯಲ್ಲಿ ನೆಟಿಗೆ ಮುರಿದೇಬಿಟ್ಟರು!

ಮುತ್ತಾತ ಕಾಫಿ ಲೋಟ ಕೆಳಗಿಟ್ಟರು. “ಏನಂದ್ರಮ್ಮಾ?”

“ಕರಿಯ ಅಂದೆ ಕಣಣ್ಣ. ಮುದ್ದಿಗೆ.”

“ನಮ್ಮ ಸಾಹೇಬನೂ ಮುದ್ದಿಗೇ ಅಂತಿದ್ದ” ಎಂದು ಎದ್ದು ಹೊರಟೇಬಿಟ್ಟರು. ನಿಮ್ಮಪ್ಪ ನಿಮ್ಮಮ್ಮನ ಕಡೆ ಒಮ್ಮೆ ನೋಡಿ, ಅವರ ಹಿಂದೆಯೇ ಹೋದರು. ಸಂಜೆಗೆ ಈ ಸಂಬಂಧ ಬೇಡವೆಂಬ ಸುದ್ದಿ ಬಂತು. ನಿಮ್ಮಮ್ಮ ಕೋಣೆಯ ಬಾಗಿಲು ಹಾಕಿಕೊಂಡವಳು ತೆಗೆಯಲಿಲ್ಲ.

“ನನ್ ಮನಸ್ನಾಗೆ ಏನೂ ಇರ್ಲಿಲ್ಲ, ಆ ದ್ಯಾವ್ರಿಗೇ ಗೊತ್ತು” ಎಂದರು ಅತ್ತಿಗೆ.

“ದ್ಯಾವ್ರು ಕೋರಮಂಡಲ್‌ಗೆ ಓಗಿ ಯೋಳಕಿಲ್ಲ ಅಕ್ಕಾ. ನೀನೇ ಓಗು” ಎಂದರು ನಿಮ್ಮ ತಾತ.

ಬೆಳಿಗ್ಗೆ ಅತ್ತಿಗೆ, ನಾನು ಕೋರಮಂಡಲ್ ಮೇಲೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆವು. ನನ್ನನ್ನು ಯಾಕೆ ಕರೆದುಕೊಂಡು ಹೋದರು? ನಾನು ಬಾಯಿ ಬಿಡುವವಳಲ್ಲ, ಜಗಳದಲ್ಲಿ ಪಾಲು ಕೇಳುವುದಿಲ್ಲ ಎಂದು! ಅತ್ತಿಗೆ ಇಡೀ ಬೋಗಿಗೆ ಕೇಳುವಂತೆ ಕಥೆ ಹೇಳಿ ನ್ಯಾಯ ಕೇಳಿದರು. ಹೂವಿನಾಕೆ, “ಮನಸು ಸಾಪಾಗಿದ್ರೆ ಆಯ್ತು ಬಿಡಮ್ಮ” ಎಂದಳು. ಅತ್ತಿಗೆ ಗೆದ್ದವರಂತೆ ನನ್ನ ಕಡೆ ನೋಡಿದರು. ಎದುರು ಕೂತಿದ್ದ ತಮಿಳು ಮುದುಕಿ ಎಲೆ ಅಡಿಕೆ ಅಗಿಯುತ್ತಲೇ, “ಕಾಲು ತುಳಿದವನ ಮನಸು ನೋಡ್ಕೊಂಡಾ ಕಾಲು ನೋಯೋದು?” ಎಂದಳು. ಅತ್ತಿಗೆ ಕಿಟಕಿಯ ಕಡೆ ತಿರುಗಿದರು. ಸೋತಾಗಲೆಲ್ಲ ಆಕೆಗೆ ಹೊಲ ಗದ್ದೆ ನೋಡುವ ಆಸೆ ಹುಟ್ಟುತ್ತಿತ್ತು.

ಮುತ್ತಾತ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಾ ಎನ್ನಲಿಲ್ಲ. ಅತ್ತಿಗೆ ನಿಂತೇ ಶುರುಮಾಡಿದರು.

“ಅಣ್ಣಾ, ನಮ್ ಕಡೆ ಚಂದಾಗಿರೋದ್ನ ಚಂದ ಅನ್ನಕಿಲ್ಲ. ದಿಷ್ಟಿ ಆಯ್ತದೆ. ಅದ್ಕೇ ಕರಿಯ ಅನ್ನೋದು, ಮನಸ್ನಾಗೆ ಏನೂ ಇರ್ಲಿಲ್ಲ. ನಮ್ಮ ಅಸೂನೂ ಕರಿಯೀನೇ. ಬೇಕಾದ್ರೆ ಬಂದು ನೋಡು, ಬೆಳ್ಳಗೈತೆ!”

“ಹಸೂನ ಕೇಳಿದೀರಾಮ್ಮಾ, ಅದಕ್ಕೆ ಸರಿಯಾ ಅಂತ?”

ನನಗೆ ನಗು ಬಂತು, ಸೆರಗು ಅಡ್ಡ ಹಿಡಿದೆ. ಮುತ್ತಾತ ನಗಲಿಲ್ಲ.

“ನಮ್ಮಪ್ಪ, ಚಿಕ್ಕಪ್ಪ, ನಾನು, ಮೂರು ಜನಾನೂ ಒಂದೇ ಗಣಿಯೊಳಗೆ. ಇಂಗ್ಲಿಷ್ ಸಾಹೇಬ ಒಳ್ಳೆಯವನೇ. ಕ್ರಿಸ್ಮಸ್‌ಗೆ ಕೇಕ್ ಕೊಡ್ತಿದ್ದ. ನಗ್ತಾನೇ ‘ಬ್ಲ್ಯಾಕೀ’ ಅಂತ ಕೂಗ್ತಿದ್ದ. ಮೂರು ಜನಾನೂ ತಿರುಗ್ತಿದ್ವಿ. ಯಾರು ಹೋದ್ರೂ ಅವನಿಗೆ ಸರಿ. ಒಂದಿನ ಒಳಗೆ ಬಂಡೆ ಕುಸೀತು. ಸಾಹೇಬ ಮೇಲೆ ಬಂದು, ಒಬ್ಬ ಬ್ಲ್ಯಾಕಿ ಹೋದ ಅಂದ. ಕಣ್ಣಲ್ಲಿ ನೀರೂ ಇತ್ತಮ್ಮಾ. ಆದ್ರೆ ಯಾರು ಅಂತ ಅವನಿಗೆ ಹೆಸರು ಗೊತ್ತಿಲ್ಲ. ಅಮ್ಮ, ಚಿಕ್ಕಮ್ಮ ಇಬ್ರೂ ಗೇಟಿನ ಹತ್ರ ನಿಂತು ಅಳ್ತಿದ್ರು, ಹೋಗಿದ್ದು ಯಾರ ಗಂಡ ಅಂತ ಗೊತ್ತಿಲ್ಲದೆ. ಹೆಣ ಮೇಲಕ್ಕೆ ತಂದಾಗಲೇ ಅಪ್ಪ ಅಂತ ಗೊತ್ತಾಗಿದ್ದು.” ಅತ್ತಿಗೆಯನ್ನೇ ನೆಟ್ಟಗೆ ನೋಡಿ ಹೇಳಿದರು: “ಅವನ ಮನಸಲ್ಲೂ ಏನೂ ಇರ್ಲಿಲ್ಲಮ್ಮಾ.”

ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದು ಕೇಳಿದರು.

“ನಿಮ್ಮಪ್ಪನ ಎಸ್ರೇನಣ್ಣಾ?”

“ಪೆರುಮಾಳ್.”

“ಪೆರುಮಾಳಪ್ಪ” ಎಂದು ಮೆಲ್ಲಗೆ ಅಂದು, ಆಕೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ತಪ್ಪಾಯಿತು ಎನ್ನುವ ಮಾತು ಆಕೆಗೆ ಜನ್ಮದಲ್ಲೇ ಬಂದಿರಲಿಲ್ಲ. “ಅಂಗೇ ಕಳಿಸ್ಬ್ಯಾಡ ಕಣಣ್ಣ. ನಮ್ ಮಗು ನಿನ್ನೆಯಿಂದ್ಲೂ ಬಾಗ್ಲು ತೆಗ್ದಿಲ್ಲ” ಎಂದರು.

ಮುತ್ತಾತ ಎದ್ದು ಕುರ್ಚಿಯನ್ನು ಅವರ ಕಡೆಗೆ ತಳ್ಳಿದರು. “ಮೇಲೆ ಕೂತ್ಕೊಳಮ್ಮಾ” ಎಂದು, ಒಳಗೆ ತಿರುಗಿ ಕಾಫಿಗೆ ಹೇಳಿದರು. ಕಾಫಿ ಕುಡಿದು, “ನಾಯಿ ಮೂಸಕಿಲ್ಲ” ಎಂದು ಅತ್ತಿಗೆ ಇನ್ನೊಂದು ಲೋಟ ಕೇಳಿದಾಗ ಆ ಮನೆಯವರು ಗಾಬರಿಯಾದರು. ಅದೇನೆಂದು ನಾನು ಬಿಡಿಸಿ ಹೇಳಬೇಕಾಯಿತು, ಜೀವನದಲ್ಲಿ ಮೊದಲ ಸಲ ಬೇರೆಯವರ ಮನೆಯಲ್ಲಿ ಬಾಯಿ ಬಿಟ್ಟು!

ಮದುವೆಯಾಯಿತು. ಅರುಳ್, ನೀನು ಹುಟ್ಟಿದೆ. ತೊಟ್ಟಿಲಿಗೆ ಬಗ್ಗಿದ ಅತ್ತಿಗೆಯ ತುಟಿ ಅಲುಗಿತು. ಯಾವ ಮಾತು ಬರುತ್ತದೆಂದು ಎಲ್ಲರಿಗೂ ಗೊತ್ತು. ಆಕೆ ನುಂಗಿಕೊಂಡರು.

“ಪರವಾಗಿಲ್ಲ, ಕರೀರಮ್ಮಾ” ಎಂದರು ಮುತ್ತಾತ. “ನಿಮ್ಮ ಮನಸು ಈಗ ನಂಗೆ ಗೊತ್ತಲ್ಲ.”

“ಬ್ಯಾಡಣ್ಣ. ನಾನ್ ಸತ್ರೆ ನನ್ ಮನಸೂ ನನ್ ಜತೆ ಓಗ್ತದೆ. ಮಾತು ಸಾಯಕಿಲ್ಲ. ಅದು ಯಾರ್ ಬಾಯಿಗ್ ಓಗ್ತದೋ!”

ಹಾಗೆಂದು ಇನ್ನೂ ಬಗ್ಗಿ, ದೃಷ್ಟಿಗೆ ಅಷ್ಟು ಹೆದರುತ್ತಿದ್ದ ಆ ಹೆಂಗಸು ನಿನ್ನ ಕಿವಿಯಲ್ಲಿ, “ಚಂದಾಗಿದ್ದೀಯ ಕಣ್ಲಾ” ಎಂದರು. ಹೇಳಿದವರೇ ಬೆವೆತುಹೋದರು. ಸಂಜೆಯವರೆಗೂ ತೊಟ್ಟಿಲು ಬಿಟ್ಟು ಕದಲದೆ, ಬಂದವರನ್ನೆಲ್ಲ ದುರುಗುಟ್ಟಿ ನೋಡುತ್ತ ಕಾವಲು ಕೂತರು.

ನಿತ್ಯಾ, ನಿನ್ನನ್ನು ನೋಡಲು ಆಕೆ ಉಳಿಯಲಿಲ್ಲ. ಆಕೆ ಹೇಳಬೇಕಾಗಿದ್ದುದನ್ನು ಬಾಯಿ ಬಿಡದ ನಾನು ಬರೆದು ಹೇಳುತ್ತಿದ್ದೇನೆ: ನೀನೂ ಚಂದಾಗಿದ್ದೀಯ, ಕಣೇ. ಈ ಹಾಳೆಗಳನ್ನು ತಿಂಡಿ ಡಬ್ಬದ ತಳಕ್ಕೆ ಹಾಸಿಬಿಡಬೇಡಿ, ಮಕ್ಕಳೇ. ಜೋಪಾನ.