ಬಂಗುಡೆ ತಿನ್ನದವರ ಬಂಗುಡೆ ರೇಟು

ನಮ್ಮ ಸಣ್ಣಮಾವ ಹುಟ್ಟಿದಂದಿನಿಂದ ಮೀನು ಬಾಯಿಗಿಟ್ಟವರಲ್ಲ. ಆದರೆ ಪುತ್ತೂರಿನ ಸೋಮವಾರದ ಸಂತೆಯಲ್ಲಿ ಬಂಗುಡೆ ರೂಪಾಯಿಗೆ ಎಷ್ಟು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು! ಬಂಗುಡೆ ಮಾತ್ರವೇ? ಬೂತಾಯಿ, ಒಣಸಿಗಡಿ, ಎಲ್ಲದರ ದರವೂ ಕಂಠಪಾಠ. ಒಂದು ದಿನವೂ ಸಂಧ್ಯಾವಂದನೆ ತಪ್ಪಿಸದ ಮನುಷ್ಯನಿಗೆ ಈ ವಿದ್ಯೆ ಯಾಕೆ ಎಂದು ನೀವು ಕೇಳಬಹುದು. ನಾವಿದ್ದ ಕೇರಿ, ಇಡೀ ದರ್ಬೆಯೇ ಕೇಳುತ್ತಿತ್ತು.

ಸಣ್ಣಮಾವ ಎಂದರೆ ನನ್ನ ಮಾವನವರ ತಮ್ಮ. ಮದುವೆಯಾಗದವರು. ಸಿಲೋನಿನ ಗಾಲೆ ಎಂಬ ಕಡಲತಡಿಯ ಊರಿನಲ್ಲಿ, ಚಹಾ ಕಂಪೆನಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ, ಸಣ್ಣದೊಂದು ಪೆನ್ಶನ್ ಹಿಡಿದುಕೊಂಡು ಅಣ್ಣನ ಮನೆಗೆ ಬಂದಿದ್ದರು. ಅಲ್ಲಿ ಅವರ ಜೊತೆ ಮನೆ ಹಂಚಿಕೊಂಡಿದ್ದವರು ಉಪ್ಪಿನಂಗಡಿ ಕಡೆಯ ಒಬ್ಬ ಮುಸಲ್ಮಾನ ಬ್ಯಾರಿಗಳು, ಬಟ್ಟೆ ಅಂಗಡಿಯವರು. ಅಡಿಗೆಮನೆ ಎರಡು, ಜಗಲಿ ಒಂದೇ. ಬ್ಯಾರಿಗಳೂ ಅಂಗಡಿ ಮುಚ್ಚಿದರು, ಆದರೆ ಊರಿಗೆ ಬರಲಿಲ್ಲ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಕಂಪೆನಿ ಪೆನ್ಶನ್ ಇದ್ದವರಿಗೆ ಬಿಟ್ಟರೆ, ಒಮ್ಮೆ ಹಡಗು ಹತ್ತಿದವರಿಗೆ ತಿರುಗಿ ಹೋಗಲು ಪರ್ಮಿಟ್ ಸಿಗುವ ಕಾಲ ಅದಲ್ಲ. ಆದ್ದರಿಂದ ಕೈಯಲ್ಲಿರುವ ದುಡ್ಡು ಕೊನೆಯ ತನಕ ಎಲ್ಲಿ ಸಾಕಾದೀತು, ಅಲ್ಲಿಯೋ ಇಲ್ಲಿಯೋ ಎಂದು ಅವರಿಗೆ ಮೊದಲೇ ಗೊತ್ತಾಗಬೇಕಿತ್ತು. "ಊರಿನಲ್ಲಿ ಜೀವನಕ್ಕೆ ಎಷ್ಟು ಬೀಳುತ್ತದೆ, ಒಮ್ಮೆ ಬರೆಯಿರಿ" ಎಂದು ಕಾಗದ ಹಾಕಿದರು. ಒಮ್ಮೆ ಎಂದರೆ ಒಮ್ಮೆ. ನಮ್ಮ ಸಣ್ಣಮಾವ ಎಂಟು ವರ್ಷ ಬರೆದರು!

ಮದುವೆಯಾಗಿ ಬಂದ ಮರುದಿನ ನನ್ನನ್ನು ಕರೆದು ಅವರು ಕೇಳಿದ ಮೊದಲ ಪ್ರಶ್ನೆ ನನ್ನ ಹೆಸರಲ್ಲ.

"ಮಂಡೆಕೋಲಿನಲ್ಲಿ ಬದನೆಗೆ ಎಷ್ಟು ಮಗಾ?"

"ನಮ್ಮಲ್ಲಿ ಬದನೆ ದುಡ್ಡು ಕೊಟ್ಟು ತರುದಿಲ್ಲ ಮಾವ, ಹಿತ್ತಿಲಲ್ಲೇ ಆಗ್ತದೆ."

ಅವರ ಮುಖ ಅರಳಿತು. ಅದೇ ಸಂಜೆ ಗಾಲೆಗೆ ಕಾಗದ ಹೋಯಿತು: "ಮಂಡೆಕೋಲಿನಲ್ಲಿ ಬದನೆ ಧರ್ಮಕ್ಕೆ ಸಿಗುತ್ತದೆ." ನನ್ನ ತವರೂರನ್ನು ಒಂದೇ ದಿನದಲ್ಲಿ ಧರ್ಮಛತ್ರ ಮಾಡಿಬಿಟ್ಟರು!

ಬದನೆಯ ರೇಟು ಬರೆದರೆ ಬ್ಯಾರಿಗಳಿಗೆ ಸಾಕಾಗುತ್ತದೆಯೇ? ಅವರಿಗೆ ಮೀನು ಬೇಡವೇ? ಆದ್ದರಿಂದ ಪ್ರತಿ ಸೋಮವಾರ ಸಣ್ಣಮಾವ ಶಾಲಿನ ತುದಿಯನ್ನು ಮೂಗಿಗೆ ಒತ್ತಿಕೊಂಡು ಮೀನಿನ ಸಾಲಿಗೆ ಹೋಗುವರು. ಒಂದು ಮಾರು ದೂರ ನಿಂತು, ಕೊಡೆಯ ತುದಿಯಿಂದ ಬುಟ್ಟಿಗಳನ್ನು ಒಂದೊಂದಾಗಿ ತೋರಿಸುತ್ತ ಕೇಳುವರು.

"ಎಷ್ಟು ಕಟ್ಟಬೇಕು ಭಟ್ರೆ?" ಎನ್ನುವಳು ಮೀನಿನ ಹೆಂಗಸು.

"ಮೀನು ಬೇಡ ಮಾರಾಯ್ತಿ, ರೇಟು ಮಾತ್ರ ಸಾಕು."

ಸುದ್ದಿ ನಮ್ಮ ಅತ್ತೆಗೆ ಮುಟ್ಟಲು ಎಷ್ಟು ಹೊತ್ತು? "ಅಲ್ಲ ಮಾರಾಯಾ, ಊರಿಡೀ ಎಂತ ಹೇಳ್ತದೆ ಗೊತ್ತುಂಟಾ ನಿಂಗೆ?" ಎಂದು ಅವರು ಹಣೆ ಚಚ್ಚಿಕೊಂಡರು.

"ಊರಿನವರಿಗೆ ಮೀನಿನ ವಾಸನೆ ಬಂದದ್ದು ಅಲ್ವಾ ಅತ್ತಿಗೆ? ನಂಗೂ ಬಂತು. ಎಂತ ಮಾಡುದು?" ಎಂದು ಸಣ್ಣಮಾವ ಮೈಗೆ ನೀರು ಹೊಯ್ದುಕೊಳ್ಳಲು ಬಾವಿಕಟ್ಟೆಗೆ ನಡೆದರು. ಎಂಟು ವರ್ಷವೂ ಸೋಮವಾರ ಅವರಿಗೆ ಎರಡು ಸ್ನಾನ.

ಗಾಲೆಯಿಂದ ಬರುತ್ತಿದ್ದ ಉತ್ತರಗಳೇನು ಕಡಿಮೆಯೇ? ಊಟದ ನಂತರ ಸಣ್ಣಮಾವ ಗಟ್ಟಿಯಾಗಿ ಓದುವರು, ನಾವೆಲ್ಲ ಬಾಯಿ ಬಿಟ್ಟುಕೊಂಡು ಕೇಳುವುದು. ಮನೆಬಾಡಿಗೆ ಇಲ್ಲಿಯ ಅರ್ಧವಂತೆ. ತೆಂಗಿನಕಾಯಿ ಕೇಳುವವರೇ ಇಲ್ಲವಂತೆ. ಜಗಲಿಯಲ್ಲಿ ಕುಳಿತರೆ ಕಡಲು ಮೆಟ್ಟಲಿನ ತನಕ ಬಂದು ಹೋಗುತ್ತದಂತೆ, ಗಾಳಿಯ ಖರ್ಚು ಸೊನ್ನೆಯಂತೆ! ಒಂದು ತಮಾಷೆ ಗಮನಿಸಿ: ಬ್ಯಾರಿಗಳ ಪಟ್ಟಿಯಲ್ಲಿ ಮೀನಿನ ಸುದ್ದಿಯೇ ಇಲ್ಲ. ತುಪ್ಪ, ಹಾಲು, ಹೀರೆಕಾಯಿ, ಸಿಹಿಗುಂಬಳ. ಅದನ್ನೆಲ್ಲ ಯಾರಿಗಾಗಿ ಬರೆಯುತ್ತಿದ್ದರೆಂದು ಬಿಡಿಸಿ ಹೇಳಬೇಕೇ?

"ಹಾಗಾದ್ರೆ ನಾವೆಲ್ಲ ಅಲ್ಲಿಗೇ ಹೋಗುದೇ ಲಾಭ ಅಲ್ವಾ?" ಎಂದು ನನ್ನ ಮಾವನವರು ಒಮ್ಮೆ ಲೆಕ್ಕ ಹಾಕಿದರು. ಜನ್ಮದಲ್ಲಿ ಕಡಲು ನೋಡದ ನಮ್ಮ ಅತ್ತೆ, "ಹಡಗಿನಲ್ಲಿ ಉಪ್ಪಿನಕಾಯಿ ಭರಣಿ ಬಿಡ್ತಾರಾ?" ಎಂದು ವಿಚಾರಿಸಿದರು. ನಾನಂತೂ ದೋಸೆಗೆ ಅರೆಯುತ್ತಲೇ ಎಷ್ಟೋ ಸಲ ಆ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಬಂದಿದ್ದೇನೆ.

ಸಣ್ಣಮಾವನಿಗೆ ಕಣ್ಣು ಮಂಜಾದಾಗ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವರು ಹೇಳುವುದು, ನಾನು ಬರೆಯುವುದು. ಮೊದಲ ದಿನವೇ ನನ್ನ ಪೆನ್ನು ನಿಂತಿತು.

"ಮಾವ, ಬಂಗುಡೆ ನಂಗೊತ್ತಿಲ್ಲ. ಆದ್ರೆ ಈ ಅಕ್ಕಿ ನಾನೇ ತಂದದ್ದು. ನೀವು ಹೇಳುದು ಮುಕ್ಕಾಲು ರೇಟು!"

"ನೀನು ಬರಿ."

"ಬಂಗುಡೆ ರೂಪಾಯಿಗೆ ಮೂವತ್ತಾ? ನಿನ್ನೆ ನೀವೇ ಇಪ್ಪತ್ತು ಅಂತ ಹೇಳಿದ್ದು!"

"ಬರಿ ಮಗಾ."

ಕಂಡಕ್ಟರು ತಪ್ಪಿ ಕೊಟ್ಟ ಎರಡಾಣೆ ಮರಳಿಸಲು ಕಬಕದ ತನಕ ನಡೆದುಹೋದ ಮನುಷ್ಯ ಇವರು! ಬೇರೆ ಯಾರಿಗೂ ಯಾವ ಸುಳ್ಳನ್ನೂ ಹೇಳದೆ, ಇರುವ ಸುಳ್ಳನ್ನೆಲ್ಲ ಒಬ್ಬನೇ ಗೆಳೆಯನಿಗಾಗಿ ಉಳಿಸಿಟ್ಟಿದ್ದರು.

"ಅವರು ಇದನ್ನು ನಂಬಿ ಬಂದು, ದುಡ್ಡು ಸಾಕಾಗದೆ ಹೋದ್ರೆ? ತಿರುಗಿ ಹೋಗ್ಲಿಕ್ಕೂ ಇಲ್ಲ" ಎಂದೆ.

ಸಣ್ಣಮಾವ ನಶ್ಯದ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. "ನನ್ನ ಪೆನ್ಶನ್ ಉಂಟಲ್ಲ" ಎಂದರು. ಆ ಪೆನ್ಶನ್ ಎಷ್ಟೆಂದು ನನಗೆ ಗೊತ್ತಿತ್ತು. ಪಾಪ, ಅವರ ನಶ್ಯಕ್ಕೂ ಸರಿಯಾಗಿ ಸಾಲುತ್ತಿರಲಿಲ್ಲ.

ಕೊನೆಗೊಂದು ದಿನ ಗಾಲೆಯಿಂದ ಒಂದೇ ಸಾಲಿನ ಕಾಗದ ಬಂತು. "ಹೊರಟಿದ್ದೇನೆ." ಸಣ್ಣಮಾವ ಕುಣಿದಾಡಬೇಕಿತ್ತಲ್ಲವೇ? ಅವರು ಬೆವರಿದರು! ಮುಂದಿನ ಸೋಮವಾರವೇ ಸಂತೆಗೆ ಓಡಿದರು. ಅಕ್ಕಿಯವ, ತರಕಾರಿಯವ, ಮೀನಿನ ಹೆಂಗಸು, ಎಲ್ಲರಲ್ಲೂ ಗುಟ್ಟಾಗಿ ಒಪ್ಪಂದ: ಬ್ಯಾರಿಗಳು ಜೊತೆಗಿರುವಾಗ ಕಾಗದದ ರೇಟನ್ನೇ ಹೇಳಬೇಕು, ಕಡಿಮೆ ಬಿದ್ದದ್ದನ್ನು ಆಮೇಲೆ ತಾವು ತಂದುಕೊಡುವುದು.

"ಅಂದ್ರೆ ಮೀನು ಅವರಿಗೆ, ದುಡ್ಡು ನಿಮ್ದು?" ಎಂದಳು ಮೀನಿನ ಹೆಂಗಸು.

"ಹ್ಞೂಂ. ಮೆಲ್ಲ ಹೇಳು ಮಾರಾಯ್ತಿ."

ಬ್ಯಾರಿಗಳು ಬಂದರು. ಉಪ್ಪಿನಂಗಡಿಯ ಸೋದರಳಿಯನ ಮನೆಯಲ್ಲಿ ಪೆಟ್ಟಿಗೆ ಇಳಿಸಿ, ಸೋಮವಾರ ಬೆಳಿಗ್ಗೆಯೇ ನಮ್ಮ ಬಾಗಿಲಲ್ಲಿ ಹಾಜರು. ತೆಳ್ಳಗಿನ ಎತ್ತರದ ಜೀವ, ಮಾತು ಕಡಿಮೆ. ಸಣ್ಣಮಾವ, ಬ್ಯಾರಿಗಳು, ನಾನು, ಮೂವರೂ ಸಂತೆಗೆ ಹೋದೆವು. ಅಕ್ಕಿಯವ ಹೇಳಿಕೊಟ್ಟದ್ದನ್ನು ಒಪ್ಪಿಸಿದ. ತರಕಾರಿಯವ ಒಪ್ಪಿಸಿದ. ಮೀನಿನ ಹೆಂಗಸು ಮಾತ್ರ ಇಷ್ಟು ವರ್ಷಗಳ ನಂತರ ಭಟ್ಟರಿಂದ ವ್ಯಾಪಾರವಾಗುವ ಸಂಭ್ರಮದಲ್ಲಿ ದೊಡ್ಡ ಗಂಟಲು ತೆಗೆದಳು: "ಬನ್ನಿ ಭಟ್ರೆ, ರೂಪಾಯಿಗೆ ಮೂವತ್ತು!"

ಮೂವತ್ತೇ? ಇಡೀ ಸಂತೆ ತಿರುಗಿತು. ನೋಡನೋಡುತ್ತಿದ್ದಂತೆ ಬುಟ್ಟಿಯ ಸುತ್ತ ಜನ ಮುಗಿಬಿದ್ದರು. ಅವಳು ಎಣಿಸಿ ಎಣಿಸಿ ಕೊಟ್ಟಳು. ಕೊಡದೆ ಏನು? ಕಡಿಮೆ ಬಿದ್ದದ್ದು ಭಟ್ಟರು ಕೊಡುತ್ತಾರಲ್ಲ! ಆ ದಿನ ಪುತ್ತೂರು ಪೇಟೆಯ ಅರ್ಧಕ್ಕರ್ಧ ಮನೆಗಳ ಸಾರು ನಮ್ಮ ಸಣ್ಣಮಾವನ ಪೆನ್ಶನ್ನಿನಲ್ಲಿ ಕುದಿಯಿತು.

ಅವರ ಮುಖದಲ್ಲಿ ರಕ್ತವಿರಲಿಲ್ಲ. ಬ್ಯಾರಿಗಳು ಏನನ್ನೂ ಕೊಳ್ಳದೆ ಅವರ ತೋಳು ಹಿಡಿದು ಹೊರಗೆ ಕರೆತಂದು ರಸ್ತೆಬದಿಯ ಮೋರಿಯ ಕಟ್ಟೆಯ ಮೇಲೆ ಕುಳ್ಳಿರಿಸಿದರು.

"ರೂಪಾಯಿಗೆ ಇಪ್ಪತ್ತು ಅಂತ ನಂಗೆ ಗೊತ್ತುಂಟು ಭಟ್ರೆ. ಅಳಿಯ ಪ್ರತಿ ತಿಂಗಳೂ ಸರಿಯಾದ ರೇಟು ಬರೀತಿದ್ದ."

ಸಣ್ಣಮಾವ ತಲೆ ಎತ್ತಲಿಲ್ಲ. "ಗೊತ್ತಿದ್ದೂ ಯಾಕೆ ಬಂದದ್ದು ಮಾರಾಯ್ರೆ? ಇನ್ನು ತಿರುಗಿ ಹೋಗ್ಲಿಕ್ಕೆ ಆಗ್ತದಾ?"

"ನಾನು ಬರೆದ ತುಪ್ಪದ ರೇಟು ಮಾತ್ರ ಸತ್ಯವಾ? ನೀವು ಬರ್ತೀರಿ ಅಂತ ಎಂಟು ವರ್ಷ ಸುಳ್ಳು ಬರೆದೆ. ನೀವು ಬರ್ಲಿಲ್ಲ. ಅದಕ್ಕೆ ನಾನೇ ಬಂದೆ."

ನಾನು ತರಕಾರಿ ಚೀಲದೊಳಗೆ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ. ಕಣ್ಣು ತುಂಬಿ ಬಂದದ್ದು ಅವರಿಗೆ ಕಾಣುವುದು ಬೇಡವಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಸಣ್ಣಮಾವ ಎದ್ದು ಬ್ಯಾರಿಗಳ ಕೈ ಹಿಡಿದು ರಸ್ತೆ ದಾಟಿಸಿದರು. ದಾಟಿಸುವಂಥ ರಸ್ತೆಯೇನೂ ಅಲ್ಲ, ಆಗ ಗಂಟೆಗೊಂದು ಬಸ್ಸು ಬಂದರೆ ಹೆಚ್ಚು. ಆಚೆ ಬದಿಗೆ ಮುಟ್ಟಿದ ಮೇಲೂ ಕೈ ಬಿಡಲಿಲ್ಲ. ದರ್ಬೆಯ ತನಕ ಹಾಗೆಯೇ ನಡೆದರು.