ಷಡ್ಡಕನದಕ್ಕಿಂತ ದೊಡ್ಡ ಪಿಸ್ತೂಲು

ನನ್ನ ಸಲಹೆ ಕೇಳದೆ ಏನೇನೋ ಕೊಂಡು ಕೈಸುಟ್ಟುಕೊಂಡವರು ನಮ್ಮ ಪಟ್ಟಂದೂರು ಅಗ್ರಹಾರದಲ್ಲಿ ಬೇಕಾದಷ್ಟಿದ್ದಾರೆ. ಎಳನೀರು ಗಾಡಿಯಿಂದ ಶುರುಮಾಡಿ ಬಾಡಿಗೆ ಮನೆಗಳ ಸಾಲು ಎಬ್ಬಿಸಿದವನು ನಾನು. ಇಟ್ಟಿಗೆಯಿಂದ ಹಿಡಿದು ಕಲ್ಯಾಣಮಂಟಪದವರೆಗೆ ಚೌಕಾಸಿ ಮಾಡದೆ ಯಾವುದಕ್ಕೂ ಹೂಂ ಅಂದವನಲ್ಲ. ಆದರೆ ಹೊಟ್ಟೆಕಿಚ್ಚು ಹತ್ತಿದರೆ ಎಂಥ ವ್ಯಾಪಾರಿಗೂ ಬುದ್ಧಿ ಮಂಕಾಗುತ್ತದೆ.

ಕಿಚ್ಚು ಹಚ್ಚಿದವನು ನನ್ನ ಷಡ್ಡಕ ರಾಜಣ್ಣ. ಹೆಂಡತಿಯ ತಂಗಿಯ ಗಂಡ, ಅತ್ತಿಬೆಲೆಯಲ್ಲಿ ರಟ್ಟಿನ ಡಬ್ಬ ಮಾಡುವ ಕಾರ್ಖಾನೆ ಇಟ್ಟವನು. ಬೇಗೂರಿನ ಮಾವನ ಮನೆಯಲ್ಲಿ ಆಯುಧಪೂಜೆಗೆ ಅಳಿಯಂದಿರೆಲ್ಲ ಅವರವರ ಸರಕು ತಂದು ಸಾಲಾಗಿ ಇಡುವುದು ವಾಡಿಕೆ. ಹೋದ ಸಲ ರಾಜಣ್ಣ ಲೈಸೆನ್ಸ್ ಪಿಸ್ತೂಲನ್ನೇ ತಂದು ರೇಷ್ಮೆ ಬಟ್ಟೆಯ ಮೇಲೆ ಮಲಗಿಸಿದ. ನಾನು ಹೊತ್ತು ತಂದಿದ್ದ ಹೊಸ ಬೋರ್‌ವೆಲ್ ಮೋಟಾರಿನ ಕಡೆ ನಮ್ಮತ್ತೆಯೂ ತಿರುಗಿ ನೋಡಲಿಲ್ಲ.

ಊಟ ಸೇರಲಿಲ್ಲ. ಜೀವಭಯ ಇದೆ ಎಂದು ನಾನೂ ಅರ್ಜಿ ಹಾಕಿದೆ. ಇದ್ದದ್ದು ಮಾನಭಯ, ಅದಕ್ಕೆ ಅರ್ಜಿಯಲ್ಲಿ ಜಾಗ ಇರಲಿಲ್ಲ. ಪೊಲೀಸರ ವಿಚಾರಣೆಯೆಲ್ಲ ಮುಗಿದು ಲೈಸೆನ್ಸ್ ಬಂದ ಮೇಲೆ ಹೆಂಡತಿ ಸಾವಿತ್ರಿಯನ್ನು ಕರೆದುಕೊಂಡು ಅಂಗಡಿಗೆ ಹೋದೆ.

"ಇರೋದ್ರಲ್ಲೇ ದೊಡ್ಡದು ತೋರಿಸಿ" ಅಂದೆ.

ಅಂಗಡಿಯವರು ಒಂದು ಖಾಲಿ ಪಿಸ್ತೂಲನ್ನು ನನ್ನ ಕೈಯಲ್ಲಿಟ್ಟು ಗೋಡೆ ಕಡೆ ಹಿಡಿಸಿದರು. "ಸಾರ್, ಹಿಡಿಯನ್ನ ಬಿಗಿಯಾಗಿ ಹಿಡಿದ್ರೆ ಬೆರಳು ಟ್ರಿಗರ್‌ಗೆ ಎಟುಕ್ತಿಲ್ಲ. ಎಟುಕಿಸೋಕೆ ಹೋದ್ರೆ ಹಿಡಿ ತಿರುಗ್ತಿದೆ. ಇದು ನಿಮ್ಮ ಕೈಗಾಗೋದಲ್ಲ."

"ಬಳಸ್ತಾ ಬಳಸ್ತಾ ಸರಿಹೋಗಲ್ವಾ?"

"ಚಪ್ಪಲಿ ಸವೆಯುತ್ತೆ ಸಾರ್, ಇದು ಸವೆಯಲ್ಲ."

ಸಾವಿತ್ರಿ ಇಸಿದುಕೊಂಡು ಹಿಡಿದಳು. ದಿನಾ ಮುದ್ದೆ ತಿರುವಿದ ಕೈ, ಅಲುಗಲೇ ಇಲ್ಲ. "ಮೇಡಂಗೆ ಅಳತೆ ಕೊಟ್ಟು ಮಾಡಿಸಿದಂಗಿದೆ" ಅಂದರು ಅಂಗಡಿಯವರು. ಆ ಗಳಿಗೆಯಲ್ಲಿ ನನ್ನ ಹೊಟ್ಟೆಕಿಚ್ಚು ರಾಜಣ್ಣನನ್ನು ಬಿಟ್ಟು ಇವಳ ಕಡೆ ತಿರುಗಿತು. "ಸುಮ್ನೆ ಚಿಕ್ಕದು ತಗೊಳ್ಳಿ. ಕಳ್ಳ ಏನು ಟೇಪ್ ಹಿಡ್ಕೊಂಡು ಬರ್ತಾನಾ?" ಅಂದಳು.

ಚಿಕ್ಕದು ಹಸ್ತದಲ್ಲಿ ಅಚ್ಚುಕಟ್ಟಾಗಿ ಕೂತಿತು. ಚರ್ಮದ ಚೀಲ ಪುಕ್ಕಟೆಯಾಗಿ ಕಿತ್ತುಕೊಂಡು ಬಂದೆ. ನೀವೂ ತೆಗೆದುಕೊಳ್ಳುವುದಾದರೆ ನೆನಪಿಡಿ: ಮೊದಲು ಕೈ, ಆಮೇಲೆ ಕಣ್ಣು.

ಈ ಸಲದ ಪೂಜೆಯಲ್ಲಿ ರಾಜಣ್ಣನದರ ಪಕ್ಕ ನನ್ನದು ಅದರ ಮರಿಯ ಹಾಗೆ ಕಂಡಿತು. ಸೈಜು ಗೊತ್ತಾಗದಿರಲೆಂದು ಮೊಳಗಟ್ಟಲೆ ಸೇವಂತಿಗೆ ಹೊದಿಸಿದೆ. ಮಂಗಳಾರತಿ ಆದ ಮೇಲೆ ರಾಜಣ್ಣ ಹೂ ಸರಿಸಿ, ಖಾಲಿ ಇದೆಯೆಂದು ನೋಡಿಕೊಂಡು, ಹಿಡಿದು ನೋಡಿದ. ಅವನ ಮುಖ ಇಳಿದುಹೋಯಿತು.

"ಎಷ್ಟು ಚೆನ್ನಾಗಿ ಕೂರ್ತದೆ ಅಣ್ಣ" ಅಂದ ಮೆಲ್ಲಗೆ. "ನಂದು ಕೈಗೇ ಬಗ್ಗಲ್ಲ. ನಿಮ್ಮ ಮೋಟಾರು ನೋಡಿ ಆವತ್ತು ನಂಗೆ ಹೊಟ್ಟೆ ಉರೀತು, ಅಂಥ ನೀರು ನಮ್ ಕಾರ್ಖಾನೇಲಿ ಎಲ್ಲಿ? ಈ ದೊಡ್ಡದನ್ನ ಮಾರ್ಬಿಡೋಣ ಅಂತಿದೀನಿ."

ಅಷ್ಟು ದೊಡ್ಡದರ ಟ್ರಿಗರ್‌ಗೆ ನನ್ನ ಬೆರಳು ಎಟುಕುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಾವಿತ್ರಿ ಆ ಕಡೆಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ರಾಜಣ್ಣನನ್ನು ಕಂಬದ ಮರೆಗೆ ಕರೆದೆ.

"ಕೊನೆ ರೇಟ್ ಹೇಳು" ಅಂದೆ.