ನಮ್ಮ ಕಂಪ್ಯೂಟರಿಗೆ ಉಷ್ಣವಾದದ್ದು

ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಅದರ ಪಾಡಿಗೆ ಬಿಡುವುದು ಒಂದು ದೊಡ್ಡ ಗುಣ. ಆ ಗುಣ ನನ್ನಲ್ಲಿಲ್ಲ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವವರ ವಿಷಯ ನೀವು ಕೇಳಿರಬಹುದು. ನಾನು ಮಾರಿಯ ವಿಳಾಸ ಹುಡುಕಿಕೊಂಡು, ಲೋಕಲ್ ರೈಲು ಹತ್ತಿ ಹೋಗಿ, ಕೈಹಿಡಿದು ಕರೆತರುವವನು. ಗೋಡೆ ಗಡಿಯಾರ ಸ್ವಲ್ಪ ಮುಂದೆ ಓಡುತ್ತದೆಂದು ಬಿಚ್ಚಿದೆ. ಈಗ ಅದು ಎಲ್ಲಿಗೂ ಓಡುವುದಿಲ್ಲ. ಮಿಕ್ಸಿಯ ಸದ್ದು ಕಡಿಮೆ ಮಾಡಲು ಹೋದೆ, ಪೂರ್ತಿ ಕಡಿಮೆಯಾಯಿತು. ಮುಂಬಯಿಯ ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿರುವ ನಮ್ಮ ಮನೆಗೆ ಬಂದವರು ಟೈಮ್ ಕೇಳುವುದಿಲ್ಲ, ಚಟ್ನಿಯನ್ನೂ ಕೇಳುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಹೆಂಡತಿ ವಿಮಲಾ ತನ್ನ ಕಂಪ್ಯೂಟರನ್ನು ನನ್ನ ಜೊತೆ ಒಂಟಿಯಾಗಿ ಬಿಟ್ಟು ತರಕಾರಿ ತರಲು ಹೋಗುತ್ತಿದ್ದಳಲ್ಲ, ಅದು ಅವಳ ತಪ್ಪು ಎಂಬುದು ಈಗಲೂ ನನ್ನ ವಾದ.

ಹೌದು, ಕಂಪ್ಯೂಟರ್ ಅವಳದು. ಮದುವೆಗೆ ಮೊದಲು ಮೈಸೂರಿನಲ್ಲಿ ಕನ್ನಡ ಟೈಪಿಂಗ್ ಕಲಿತವಳು, ಮುಂಬಯಿಗೆ ಬಂದ ಮೇಲೆ ಅಷ್ಟು ವರ್ಷವೂ ಆ ಬೆರಳುಗಳಿಂದ ಅವರೆಕಾಳು ಬಿಡಿಸಿದ್ದಳು. ಪರಿಚಯದ ಒಬ್ಬರು ವರ್ಗವಾಗಿ ದೆಹಲಿಗೆ ಹೋಗುವಾಗ ತಮ್ಮ ಕಂಪ್ಯೂಟರನ್ನು ನಮಗೆ ಬಿಟ್ಟುಕೊಟ್ಟರು. ಕನ್ನಡ ಅಕ್ಷರಗಳ ಸಾಫ್ಟ್‌ವೇರ್ ಹಾಕಿಸಿಕೊಂಡು, ಅಡುಗೆ ಮುಗಿದ ಮೇಲೆ ಅದರ ಮುಂದೆ ಕೂತು, ಕನ್ನಡ ಸಂಘದ ಸಭೆಯ ಸೂಚನೆಗಳನ್ನು ಧರ್ಮಾರ್ಥ ಟೈಪ್ ಮಾಡಿ ಕೈ ಕುದುರಿಸಿಕೊಂಡಳು. ಆಗ ಬಂತು ಅವಳ ಮೊದಲ ನಿಜವಾದ ಕೆಲಸ, ಮಲ್ಲಪ್ಪನ ಮಗಳ ಲಗ್ನಪತ್ರಿಕೆ.

ಮಲ್ಲಪ್ಪ ಬಿಜಾಪುರದ ಕಡೆಯವನು. ಸಾಂತಾಕ್ರೂಜ್‌ನಲ್ಲಿ ಏಳುವ ಹೊಸ ಬಿಲ್ಡಿಂಗುಗಳಿಗೆ ಟೈಲ್ಸ್ ಕೂರಿಸುವ ಮೇಸ್ತ್ರಿ, ಸಂಘದಲ್ಲಿ ಪರಿಚಯ. "ಇಲ್ಲಿ ಪ್ರೆಸ್ಸಿನಾಂವ ಹಿಂದಿಯೊಳಗ ಛಾಪಸ್ರಿ ಅಂತಾನ್ರಿ ಅಕ್ಕಾರ. ನಮ್ಮ ಊರಾಗ ಹಿಂದಿ ಪತ್ರಿಕಿ ನೋಡಿದ್ರ, ಹುಡುಗಿ ಓಡಿ ಹೋಗಿ ಮದಿವಿ ಮಾಡ್ಕೊಂಡಾಳ ಅಂತಾರ್ರಿ" ಎಂದು ಬಂದು ಕೂತ. ಲಗ್ನ ವೈಶಾಖದಲ್ಲಿ. ಆದರೆ ಅವನು ಯುಗಾದಿಗೆ ಊರಿಗೆ ಹೋಗುವಾಗ ಪತ್ರಿಕೆಗಳು ಕೈಯಲ್ಲಿರಬೇಕು. ಮೊದಲನೆಯದನ್ನು ಮನೆದೇವರ ಮುಂದಿಟ್ಟು, ಆಮೇಲೆ ಊರೂರು ತಿರುಗಿ ಹಂಚಬೇಕು. ವಿಮಲಾ ಒಂದೇ ಒಂದು ಷರತ್ತು ಹಾಕಿದಳು: ಪತ್ರಿಕೆಯ ಅಡಿಯಲ್ಲಿ, ಕಾಣುವಷ್ಟು ಚಿಕ್ಕದಾಗಿ, 'ಅಕ್ಷರ ಜೋಡಣೆ: ವಿಮಲಾ, ಆಂಟಾಪ್ ಹಿಲ್' ಎಂದು ಇರಬೇಕು. "ದೊಡ್ಡದೇ ಹಾಕ್ರಿ, ಯಾರ್ ಬ್ಯಾಡಂತಾರ" ಎಂದ ಮಲ್ಲಪ್ಪ. ರೇಷನ್ ಕಾರ್ಡು ಬಿಟ್ಟರೆ ತನ್ನ ಹೆಸರು ಎಲ್ಲೂ ಅಚ್ಚಾಗಿಲ್ಲವೆಂದು ಅವಳು ಅಂದು ಸಂಜೆ ನಗುತ್ತ ಹೇಳಿದಳು. ನಗುತ್ತ ಹೇಳಿದ್ದರಿಂದ ನಾನು ಅದನ್ನು ಗಮನಿಸಲಿಲ್ಲ.

ನಾನು ಗಮನಿಸಿದ್ದು ಕಂಪ್ಯೂಟರಿನ ನಿಧಾನವನ್ನು. ಅದು ನಿಧಾನ, ಆದರೆ ಸಾಧು. ಒಂದು ಒತ್ತಕ್ಷರ ಪರದೆಯ ಮೇಲೆ ಬಂದು ಕೂರುವಷ್ಟರಲ್ಲಿ ಒಗ್ಗರಣೆ ಹಾಕಿ ಬರಬಹುದಿತ್ತು, ವಿಮಲಾ ಹಾಕಿಯೂ ಬರುತ್ತಿದ್ದಳು. ಅವಳದೇನೂ ದೂರಿರಲಿಲ್ಲ. ಆದರೆ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಶೆಣೈ, "ಎಂತ ಮಾರಾಯ್ರೆ, ಇನ್ನೂ ತ್ರೀ ಎಯ್ಟಿ ಸಿಕ್ಸ್ ಪ್ರೊಸೆಸರಾ? ಅದು ಎತ್ತಿನ ಗಾಡಿ ಅಲ್ವಾ? ಫೋರ್ ಎಯ್ಟಿ ಸಿಕ್ಸ್ ಹಾಕಿಸಿ, ನಮ್ಮ ಸಾವಂತ ಉಂಟು" ಎಂದುಬಿಟ್ಟ. ಎತ್ತಿನ ಗಾಡಿಯ ಮಾತು ನನಗೆ ನಾಟಿತು. ವಿಮಲಾ, "ಪತ್ರಿಕೆ ಮುಗಿಯಲಿ, ಆಮೇಲೆ ಏನು ಬೇಕಾದರೂ ಮಾಡಿ" ಎಂದಳು. ಪತ್ರಿಕೆ ಬೇಗ ಮುಗಿಯಲಿ ಎಂದೇ ತಾನೇ ಇದೆಲ್ಲ ಎಂದು ನಾನು ತರ್ಕ ಮಾಡಿದೆ. ತರ್ಕದಲ್ಲಿ ನಾನು ಯಾವತ್ತೂ ಗೆಲ್ಲುತ್ತೇನೆ. ಕಷ್ಟವೆಲ್ಲ ಬರುವುದು ಗೆದ್ದ ಮೇಲೆ.

ಹೋಳಿ ಹಬ್ಬಕ್ಕೆ ಮುಂಚಿನ ಒಂದು ಶುಕ್ರವಾರ ಸಾವಂತ ಬಂದ. ಅಂಧೇರಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಕೊಂಕಣದ ಹುಡುಗ. ಡಬ್ಬಿ ಬಿಚ್ಚಿ, ಹಳೆಯ ಪ್ರೊಸೆಸರನ್ನು ಅದು ಕೂತಿದ್ದ ಬೋರ್ಡಿನ ಸಮೇತ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡು, ಹೊಸದನ್ನು ಕೂರಿಸಿದ. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮೆದುಳು. ನೋಡಲು ಒಂದು ಚೌಕದ ಬಿಲ್ಲೆ. ಹೊಸದು ಬಲು ಚುರುಕು, ಆದ್ದರಿಂದ ಬಲು ಬಿಸಿ. ಅದಕ್ಕೇ ಅದರ ನೆತ್ತಿಯ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಫ್ಯಾನು. ನಡೆಸಿ ತೋರಿಸಿದ. ಅಕ್ಷರಗಳು ನುಗ್ಗಿ ನುಗ್ಗಿ ಬಂದವು. ಮತ್ತೆ ಆರಿಸಿ ಇನ್ನೇನು ಮುಚ್ಚಳ ಹಾಕಬೇಕು, ಅಮ್ಮ ಪೂಜೆಯ ತಟ್ಟೆ ಹಿಡಿದು ಬಂದರು. "ರಾಹುಕಾಲ ಬರುತ್ತೆ ಕಣೋ, ಡಬ್ಬಿ ಮೇಲೆ ಒಂದು ಬೊಟ್ಟು ಇಟ್ಟುಬಿಡು" ಎಂದರು. ನಾನು ವಿದ್ಯಾವಂತ. "ಅಮ್ಮ, ಡಬ್ಬಿ ಹಳೆಯದು. ಹೊಸದಾಗಿ ಬಂದಿರುವುದು ಪ್ರೊಸೆಸರ್. ಪೂಜೆ ಯಾರಿಗೆ ಸಲ್ಲಬೇಕೋ ಅವರಿಗೇ ಸಲ್ಲಬೇಕು" ಎಂದು ತಿಳಿಹೇಳಿ, ತೆರೆದ ಡಬ್ಬಿಯೊಳಗೇ ಭಕ್ತಿಯಿಂದ ಅಕ್ಷತೆ ಹಾಕಿದೆ. ಸಾವಂತ ಕಣ್ಣು ಮುಚ್ಚಿ ಕೈಮುಗಿದುಕೊಂಡು ನಿಂತಿದ್ದ. ಆಮೇಲೆ ಮುಚ್ಚಳ ಹಾಕಿ, ಸಂದಿಗೆ ಒಂದು ಕೆಂಪು ಚೀಟಿ ಅಂಟಿಸಿ, "ಸಾಹೇಬ್, ಯೇ ಫಾಟಾ ತೋ ವಾರಂಟಿ ಗಯಾ" ಎಂದು, ಚೀಟಿ ಹರಿದರೆ ವಾರಂಟಿ ಹೋದಂತೆಯೇ ಎಂದು ಎಚ್ಚರಿಸಿ, ಕೋಸಂಬರಿ ತಿಂದು ಹೊರಟ. ಹೋಳಿ ಹಬ್ಬಕ್ಕೆ ಅವರ ಕಡೆ ಶಿಮಗಾ ಎನ್ನುತ್ತಾರಂತೆ; ಅದು ಬಂದರೆ ಕೊಂಕಣದವರು ಯಾರೂ ಮುಂಬಯಿಯಲ್ಲಿ ಉಳಿಯುವುದಿಲ್ಲವಂತೆ. ಮರುದಿನವೇ ಅವನು ಫೋನಿಲ್ಲದ ತನ್ನ ಹಳ್ಳಿಗೆ ಹೋದ.

ಮರುದಿನವೇ ನಮ್ಮ ಕಂಪ್ಯೂಟರೂ ಹೋಯಿತು. ವಿಮಲಾ 'ಸುಖಾಗಮನ ಬಯಸುವವರು' ಎಂಬಲ್ಲಿಂದ ಶುರುಮಾಡಿ, ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವ ಎಂದು ಹೆಸರುಗಳನ್ನು ಕೂರಿಸುತ್ತ ಬಂದಳು. ಉತ್ತರ ಕರ್ನಾಟಕದ ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದರೆ ನೆಂಟಸ್ತನವೇ ಬಿಟ್ಟುಹೋಗುತ್ತದೆ, ಹಾಗಾಗಿ ಅರ್ಧ ತಾಲೂಕು ಅದರಲ್ಲಿತ್ತು. ಹುಡುಗಿಯ ಸೋದರಮಾವನ ಹೆಸರಿಗೆ ಬರುವಷ್ಟರಲ್ಲಿ ಪರದೆ ಕಲ್ಲಾಯಿತು. ಆರಿಸಿ ಹೊತ್ತಿಸಿದರೆ ಮತ್ತೆ ಅದೇ ಕಥೆ. ಉಳಿಸಿಟ್ಟ ಪುಟ ತೆರೆದರೆ ಸೀದ ದೋಸೆಯ ಹಾಗೆ ತುಂಡುತುಂಡು. ಡಬ್ಬಿಯ ಮೇಲೆ ಕೈಯಿಟ್ಟೆ, ಚುರ್ ಎಂದಿತು. ಅಮ್ಮ ಬಂದು ಅಂಗೈ ತಿರುಗಿಸಿ ಮುಟ್ಟಿ, ಮಗುವಿನ ಹಣೆ ನೋಡಿದಂತೆ ನೋಡಿ, "ಉಷ್ಣ ಆಗಿದೆ ಕಣೋ ಇದಕ್ಕೆ" ಎಂದರು. ಮುಂಬಯಿಯಲ್ಲಿ ಆಗುವ ಎಲ್ಲ ಕೆಡುಕಿಗೂ, ನನ್ನ ಬೊಕ್ಕತಲೆಗೂ ಸಹ, ಚಪಾತಿಯ ಉಷ್ಣವೇ ಕಾರಣ ಎನ್ನುವುದು ಅಮ್ಮನ ಸಿದ್ಧಾಂತ. ನಾನು ನಕ್ಕೆ.

ಕಂಪ್ಯೂಟರಿಗೆ ತಂಪು ಬೇಕೆಂಬುದು ನನಗೇನು ಗೊತ್ತಿಲ್ಲದ ವಿಷಯವಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೊಂದು ಏಸಿ ಕೋಣೆಯನ್ನೇ ಕಟ್ಟಿಸಿದ್ದರು. ಚಪ್ಪಲಿ ಹೊರಗೆ ಬಿಟ್ಟು ಗರ್ಭಗುಡಿಗೆ ಹೋದ ಹಾಗೆ ಹೋಗಬೇಕಿತ್ತು. ಮೇ ತಿಂಗಳಲ್ಲಿ ಶೆಣೈ ಕೈಯಲ್ಲೊಂದು ಖಾಲಿ ಫೈಲು ಹಿಡಿದು ಒಳಗೆ ಹೋದರೆ ಊಟದ ಹೊತ್ತಿಗೇ ಹೊರಗೆ ಬರುತ್ತಿದ್ದುದು. ನಮ್ಮ ಮನೆಯಲ್ಲಿ ಏಸಿ ಎಲ್ಲಿಂದ ತರಲಿ? ಇದ್ದ ಒಂದೇ ಟೇಬಲ್ ಫ್ಯಾನನ್ನು ಅಮ್ಮನ ಮಂಚದಿಂದ ಕಿತ್ತು ಕಂಪ್ಯೂಟರಿಗೆ ಇಟ್ಟೆ. ಕಂಪ್ಯೂಟರ್ ತಣ್ಣಗಾಗಲಿಲ್ಲ, ಅಮ್ಮ ಬಿಸಿಯಾದರು. ಡಬ್ಬಿಯ ಕೆಳಗೆ ಗಾಳಿಯಾಡಲೆಂದು ಎರಡು ಇಟ್ಟಿಗೆ ಇಟ್ಟೆ. ಕಿಟಕಿಯ ಪಕ್ಕಕ್ಕೆ ಎಳೆದೆ, ಪಾರಿವಾಳ ಬಂದು ಕೂತಿತು. ಒದ್ದೆ ಟವೆಲು ಹಿಂಡಿ ಮೇಲೆ ಹೊದೆಸಿದೆ. ವಿಮಲಾ ಬಂದು ಪ್ಲಗ್ ಕಿತ್ತು ಹೋದಳು. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದೆವು, ಯಂತ್ರ ಒಂದೇ ಕೆಮ್ಮಲಿಲ್ಲ. ಅಷ್ಟು ಹೊತ್ತೂ ಡಬ್ಬಿಯ ಹಿಂಬದಿಯಿಂದ ಒಂದು ಫ್ಯಾನು ಗುಯ್ ಎನ್ನುತ್ತಲೇ ಇತ್ತು, ಹಾಗಾಗಿ ಫ್ಯಾನಿನ ಮೇಲೆ ನನಗೆ ಸಂಶಯ ಬರಲಿಲ್ಲ. ಒಳಗೆ ಇನ್ನೊಂದು ಪುಟ್ಟದು ಇದ್ದದ್ದು ಮರೆತೇ ಹೋಗಿತ್ತು. ಬಿಚ್ಚಿ ನೋಡೋಣವೆಂದರೆ ಕೆಂಪು ಚೀಟಿ. ಗಡಿಯಾರ, ಮಿಕ್ಸಿ ಯಾವುದನ್ನೂ ಕೇಳದೆ ಬಿಚ್ಚಿದ ನಾನು, ಜೀವನದಲ್ಲಿ ಒಂದೇ ಸಲ, ಬಿಚ್ಚಬೇಕಾದದ್ದನ್ನು ಬಿಚ್ಚದೆ ಸಂಯಮದಿಂದ ಕೂತಿದ್ದೆ.

ಮಲ್ಲಪ್ಪ ನಡುವೆ ಬಂದು ನೋಡಿದ. "ಯಾವಾಗ್ಲೂ ನಮ್ಮ ಅಳಿಯನ ಹೆಸರಿಗೇ ನಿಂದರತೈತಿ ಅಂದ್ರ ಹೆಂಗ್ರಿ ಸಾಹೇಬ್ರ? ಅಂವಗ ಹುಡುಗಿನ್ನ ತನ್ನ ಮಗಗ ತಂದ್ಕೋಬೇಕಂತ ಇತ್ತು ನೋಡ್ರಿ, ಆ ಸಿಟ್ಟು ಇಲ್ಲಿತನಕ ಬಂದೈತಿ" ಎಂದ. ಅವನು ಅಳಿಯ ಎಂದದ್ದು ತನ್ನ ಹೆಂಡತಿಯ ತಮ್ಮನನ್ನೇ, ಹುಡುಗಿಯ ಸೋದರಮಾವನನ್ನು. ವಿಮಲಾ ಆ ಹೆಸರನ್ನು ಎಲ್ಲರಿಗಿಂತ ಮೇಲೆ ತಂದು ಕೂರಿಸಿ ನೋಡಿದಳು. ಯಂತ್ರ ಒಬ್ಬ ಚಿಕ್ಕಪ್ಪನ ಹೆಸರಿಗೆ ನಿಂತಿತು. ಪ್ರತಿ ಸಲವೂ ಅವಳು ಮೊದಲಿನಿಂದ ಶುರುಮಾಡುತ್ತಿದ್ದಳು. ನನ್ನನ್ನು ಬೈದಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಅವಳು ಬೈಯಲೂ ಇಲ್ಲ. ಆಫೀಸಿನಿಂದ ಮನೆಗೆ ಬರುವುದಕ್ಕೇ ನನಗೆ ಭಯವಾಗತೊಡಗಿತು. ಸಾವಂತ ಯಾವಾಗ ಬರುತ್ತಾನೆಂದು ಶೆಣೈಯನ್ನು ದಿನವೂ ಪೀಡಿಸಿದೆ. "ಬರ್ತಾನೆ ಮಾರಾಯ್ರೆ, ಶಿಮಗಾ ಮುಗಿದ ಮೇಲೆ ಅವರಲ್ಲಿ ಪಾಲಕಿ ಉಂಟು" ಎಂದ. ದೇವರ ಪಲ್ಲಕ್ಕಿ ಮನೆಮನೆಗೆ ಹೋಗಿ ಮುಗಿಯುವವರೆಗೆ ನಾನು ಯಾವ ದೇವರನ್ನು ಬೈಯಲಿ?

ಯುಗಾದಿ ಹತ್ತಿರವಾದಾಗ ಮಲ್ಲಪ್ಪ ಹೆಂಡತಿಯನ್ನು ಕರೆದುಕೊಂಡು ಬಂದ. ಕೈಯಲ್ಲಿ ಅಚ್ಚಾದ ಪತ್ರಿಕೆಗಳ ಕಟ್ಟು. ಅಂಧೇರಿಯಲ್ಲಿ ಯಾರೋ ಕನ್ನಡ ಪ್ರೆಸ್ಸಿನವರು ಸಿಕ್ಕಿದರಂತೆ. "ತಪ್ಪು ತಿಳೀಬ್ಯಾಡ್ರಿ ಅಕ್ಕಾರ, ಗಾಡಿ ನಮ್ಮ ಸಲುವಾಗಿ ನಿಂದರೂದಿಲ್ಲಲ್ರಿ. ಮೊದಲನೇದು ಮನೆದೇವ್ರಿಗೆ ತೆಗೆದಿಟ್ಟೀವ್ರಿ, ಎರಡನೇದು ನಿಮಗ. ನೀವು ಭಾಳ ತ್ರಾಸು ತಗೊಂಡೀರಿ" ಎಂದ. ಅವನ ಹೆಂಡತಿ ವಿಮಲಾಗೆ ಕುಂಕುಮ ಹಚ್ಚಿ ಪತ್ರಿಕೆ ಕೊಟ್ಟಳು. ವಿಮಲಾ ಎಲ್ಲ ಹೆಸರುಗಳನ್ನೂ ಒಂದೂ ಬಿಡದೆ ಓದಿದಳು, ಅವಳಿಗೆ ಅವು ಬಾಯಿಪಾಠವಾಗಿದ್ದವು. ಕೊನೆಗೆ ಪತ್ರಿಕೆಯ ಅಡಿಯಲ್ಲಿ ಚಿಕ್ಕದಾಗಿ ಅಚ್ಚಾಗಿದ್ದ ಪ್ರೆಸ್ಸಿನ ಹೆಸರನ್ನು ನೋಡಿ, "ಅಕ್ಷರ ಚೆನ್ನಾಗಿ ಬಂದಿದೆ" ಎಂದು ಕಾಫಿ ಮಾಡಲು ಒಳಗೆ ಹೋದಳು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನಮ್ಮದು ಮೂರನೇ ಮಹಡಿ.

"ಎರಡನೇ ಮಗಳದ್ದು ನಿಮ್ಮ ಕಡೇನ ಮಾಡಸ್ತೀನ್ರಿ, ಅಷ್ಟರಾಗ ಮಿಷನ್ ಆರಾಮ ಆಗ್ತೈತಿ" ಎಂದು ಮಲ್ಲಪ್ಪ ನನಗೆ ಸಮಾಧಾನ ಹೇಳಿದ. ಅವಳು ಏನು ಓದುತ್ತಿದ್ದಾಳೆಂದು ಕೇಳಿದೆ. ನಾಲ್ಕನೇ ಇಯತ್ತೆಯಂತೆ. ಹೊರಡುವಾಗ ಅವನು ಸಂಪ್ರದಾಯದಂತೆ ನನ್ನ ಅಂಗೈಗೆ ಅಕ್ಷತೆ ಹಾಕಿ, "ಎಲ್ಲಾರೂ ಕೂಡಿ ಬರಬೇಕ್ರಿ" ಎಂದು ಕೈಮುಗಿದ. ನಾನು ಅಂಗೈ ನೋಡಿದೆ. ಅರಿಶಿನ ಹಚ್ಚಿದ ಗಟ್ಟಿಯಾದ ಅಕ್ಕಿಕಾಳುಗಳು. ಯಾರಿಗೆ ಸಲ್ಲಬೇಕೋ ಅವರಿಗೇ ಸಲ್ಲಬೇಕು ಎಂದ ನನ್ನದೇ ಧ್ವನಿ ಕಿವಿಯಲ್ಲಿ ಕೇಳಿಸಿತು. ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಕೆಂಪು ಚೀಟಿ ಹರಿದು ಮುಚ್ಚಳ ಬಿಚ್ಚಿದ್ದೆ.

ಪುಟ್ಟ ಫ್ಯಾನಿನ ರೆಕ್ಕೆಗೂ ಅದರ ಚೌಕಟ್ಟಿಗೂ ನಡುವೆ ಒಂದು ಕಾಳು ಬೆಣೆ ಬಡಿದಂತೆ ಕೂತಿತ್ತು. ಉಳಿದವು ಸುತ್ತ ಬಿದ್ದು ಹುರಿದ ಬಣ್ಣಕ್ಕೆ ತಿರುಗಿದ್ದವು. ವಿಮಲಾಳ ಹೇರ್‌ಪಿನ್ನಿನಿಂದ ಆ ಕಾಳನ್ನು ಎಬ್ಬಿಸಿ, ಪ್ಲಗ್ ಹಾಕಿದೆ. ಫ್ಯಾನು ತಿರುಗಿತು. ಕಂಪ್ಯೂಟರ್ ಸಂಜೆಯವರೆಗೂ ತಣ್ಣಗೆ, ಒಂದು ಸಲವೂ ನಿಲ್ಲದೆ, ಮಾಡಲು ಏನೂ ಕೆಲಸವಿಲ್ಲದೆ ಓಡಿತು. ವಿಮಲಾ ಬಂದು ನನ್ನ ಹಿಂದೆ ನಿಂತಿದ್ದು ನನಗೆ ತಿಳಿದಿರಲಿಲ್ಲ. ಮೇಜಿನ ಮೇಲಿದ್ದ ಕಾಳನ್ನು ಎತ್ತಿ ನೋಡಿದಳು, ನನ್ನನ್ನು ನೋಡಿದಳು, ಕಾಳನ್ನು ಅಲ್ಲೇ ಇಟ್ಟಳು.

"ಸರಿಹೋಯಿತೇನೋ? ಏನಾಗಿತ್ತೋ ಅದಕ್ಕೆ?" ಎಂದು ಅಮ್ಮ ಕೇಳಿದರು.

"ಉಷ್ಣ ಆಗಿತ್ತು" ಎಂದೆ.

"ನಾನು ಅವತ್ತೇ ಹೇಳಲಿಲ್ಲವೇ!" ಎಂದು ಅಮ್ಮ ಹಿಗ್ಗಿ, ದೇವರ ಮುಂದಿನ ತಟ್ಟೆ ಎತ್ತಿಕೊಂಡೇ ಬಂದರು. "ಹುಷಾರಾಗಿದೆಯಲ್ಲ, ಇನ್ನೊಂದು ನಾಲ್ಕು ಕಾಳು ಅಕ್ಷತೆ ಹಾಕೋಣ."

ವಿಮಲಾ ಕಂಪ್ಯೂಟರಿಗೆ ಅಡ್ಡ ನಿಂತಳು. ಎಷ್ಟೋ ದಿನಗಳ ಮೇಲೆ ನನ್ನ ವಿಷಯಕ್ಕೆ ಅವಳ ಬಾಯಿಂದ ಒಂದು ಪೂರ್ತಿ ವಾಕ್ಯ ಬಂತು. "ಇವರ ತಲೆ ಮೇಲೆ ಹಾಕಿ ಅತ್ತೆ. ಅಲ್ಲಿ ತಿರುಗೋದು ಏನೂ ಇಲ್ಲ, ನಿಂತುಹೋಗುತ್ತೆ ಅನ್ನೋ ಭಯವಿಲ್ಲ."

ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. ನಾನು ತಟ್ಟೆಯ ಮುಂದೆ ತಲೆ ಬಗ್ಗಿಸಿದೆ.